ಪಾಸ್‌ಪೋರ್ಟ್ ಲೆಕ್ಕ ಮೊದಲು, ಪಾಯಿಂಟ್ ಲೆಕ್ಕ ಆಮೇಲೆ

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಶಾಲೆಯಲ್ಲಿ ಟೀಚರ್. ಯಜಮಾನರು ಅಡಿಕೆ ತೋಟ ನೋಡಿಕೊಳ್ಳುತ್ತಾರೆ. ಮೈದುನ ದುಬೈಯಲ್ಲಿದ್ದಾನೆ. ಈ ಸಲ ಕ್ರಿಸ್‌ಮಸ್ ರಜೆಗೆ ಅತ್ತೆ, ಮಾವ, ಇಬ್ಬರು ಮಕ್ಕಳು ಸೇರಿ ಆರು ಜನ ಹೋಗಿ ಬರಬೇಕೆಂದಿದ್ದೇವೆ. ನನ್ನ ಕ್ರೆಡಿಟ್ ಕಾರ್ಡಿನಲ್ಲಿ 18,400 ಪಾಯಿಂಟ್ ಇದೆ. ಮನೆ ಕಟ್ಟುವಾಗ ಟೈಲ್ಸ್, ಪಂಪು, ಬಾತ್‌ರೂಮ್ ಸಾಮಾನು ಎಲ್ಲ ಅದರಲ್ಲೇ ತೆಗೆದದ್ದು. ಬೆಂಗಳೂರಿನಲ್ಲಿರುವ ಯಜಮಾನರ ಚಿಕ್ಕಪ್ಪನ ಮಗ ವರ್ಷಕ್ಕೆ ಎರಡು ಸಲ ಪಾಯಿಂಟಿನಲ್ಲೇ ವಿದೇಶಕ್ಕೆ ಹೋಗುತ್ತಾನೆ. ಇನ್ನೂ ಎರಡು ಕಾರ್ಡು ಮಾಡಿದರೆ ನಿಮ್ಮ ಟಿಕೆಟೂ ಬಿಟ್ಟಿ ಎನ್ನುತ್ತಾನೆ. ಮಾವನಿಗೆ ಮಾತ್ರ ಕಾರ್ಡೆಂದರೆ ಸಾಲ ಎಂಬ ಭಯ. ಯಾರ ಮಾತು ಸರಿ? ಮೊನ್ನೆಯಿಂದ "ನಿಮ್ಮ ಪಾಯಿಂಟ್ ಇಂದು ರಾತ್ರಿ ಮುಗಿಯುತ್ತದೆ" ಎಂದು ಮೆಸೇಜೂ ಬರುತ್ತಿದೆ. ಏನು ಮಾಡಲಿ?

ಉತ್ತರ: ಮೊದಲು ಕೊನೆಯ ಸಾಲಿಗೆ ಉತ್ತರ ಹೇಳಿಬಿಡುತ್ತೇನೆ, ಅದು ತಡ ಮಾಡುವ ವಿಷಯವಲ್ಲ. ಆ ಮೆಸೇಜಿನಲ್ಲಿರುವ ಲಿಂಕ್ ಒತ್ತಬೇಡಿ. ಮಕ್ಕಳ ಕೈಗೆ ಫೋನ್ ಕೊಡುವ ಮೊದಲು ಅದನ್ನು ಅಳಿಸಿ. ಪಾಯಿಂಟಿನ ಅವಧಿ ನಿಜವಾಗಿ ಯಾವಾಗ ಮುಗಿಯುತ್ತದೆ ಎಂಬುದು ನಿಮ್ಮ ತಿಂಗಳ ಸ್ಟೇಟ್‌ಮೆಂಟಿನಲ್ಲೇ ಇರುತ್ತದೆ. ಇಲ್ಲದಿದ್ದರೆ ಕಾರ್ಡಿನ ಹಿಂದೆ ಅಚ್ಚಾಗಿರುವ ನಂಬರಿಗೆ ಫೋನ್ ಮಾಡಿ ಕೇಳಿ. ಕಳೆದ ವರ್ಷ ನಮ್ಮ ಆಫೀಸಿಗೆ ಒಬ್ಬರು ಫೋನ್ ಹಿಡಿದುಕೊಂಡೇ ಓಡಿ ಬಂದಿದ್ದರು. ಇದೇ ತರದ ಮೆಸೇಜು, ಬ್ಯಾಂಕಿನದೇ ಲಾಂಛನ, ಒತ್ತಿದಾಗ ಒಂದು ಆ್ಯಪ್ ಇಳಿದಿತ್ತು. ಆ ಆ್ಯಪ್ ಅವರ ಫೋನಿಗೆ ಬರುವ ಒಟಿಪಿಯನ್ನು ಓದಿ ಆಚೆ ಕಳಿಸುತ್ತಿತ್ತು. ಅವರು ಯಾರಿಗೂ ಒಟಿಪಿ ಹೇಳಿರಲಿಲ್ಲ, ಆದರೂ ಹಣ ಹೋಯಿತು. ಯಾರಾದರೂ ಈಗಾಗಲೇ ಒತ್ತಿಬಿಟ್ಟಿದ್ದರೆ ಕೂಡಲೇ ಕಾರ್ಡ್ ಬ್ಲಾಕ್ ಮಾಡಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ನಾವೇ ಒಟಿಪಿ ಕೊಟ್ಟು ಹೋದ ಹಣವಾದರೆ, ಬ್ಯಾಂಕಿಗೆ ತಿಳಿಸುವ ಕ್ಷಣದವರೆಗಿನ ನಷ್ಟ ನಮ್ಮ ತಲೆಗೇ ಬರುತ್ತದೆ. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನ ಹೊಣೆ. ಹಾಗಾಗಿ ಇಲ್ಲಿ ಒಂದೊಂದು ನಿಮಿಷಕ್ಕೂ ಬೆಲೆ ಇದೆ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. ಬೆಂಗಳೂರಿನ ಭಾವ ಹೇಳುವುದೂ ಸುಳ್ಳಲ್ಲ, ಮಾವನ ಭಯವೂ ಸುಳ್ಳಲ್ಲ. ನಾನು ಹನ್ನೊಂದು ವರ್ಷ ಒಂದು ಬ್ಯಾಂಕಿನ ಕಾರ್ಡ್ ವಿಭಾಗದಲ್ಲಿದ್ದೆ. ಈಗ ಕಾಸರಗೋಡಿನಲ್ಲಿ ಟಿಕೆಟ್, ವೀಸಾದ ಕೆಲಸ ಮಾಡುತ್ತಿದ್ದೇನೆ. ಎರಡು ಬದಿಯನ್ನೂ ನೋಡಿದ ಮೇಲೆ ನನಗೆ ಗಟ್ಟಿಯಾದ ಒಂದು ಮಾತಿದೆ: ಪಾಯಿಂಟ್ ಅನ್ನುವುದು ನಾವು ಆಗಲೇ ಖರ್ಚು ಮಾಡಿದ ಹಣದ ಚಿಲ್ಲರೆ. ಅಂಗಡಿಯವರು ವಾಪಸ್ ಕೊಟ್ಟ ಚಿಲ್ಲರೆಯನ್ನು ಬಿಡುವುದು ತಪ್ಪು. ಚಿಲ್ಲರೆ ಸಿಗುತ್ತದೆ ಎಂದು ಬೇಡದ ಸಾಮಾನು ಕೊಳ್ಳುವುದು ಇನ್ನೂ ದೊಡ್ಡ ತಪ್ಪು.

ನಿಮ್ಮ 18,400 ಪಾಯಿಂಟನ್ನೇ ತೆಗೆದುಕೊಳ್ಳಿ. ನಿಮ್ಮ ಕಾರ್ಡಿನಲ್ಲಿ 100 ರೂಪಾಯಿಗೆ 2 ಪಾಯಿಂಟ್ ಎಂದಿಟ್ಟುಕೊಂಡರೆ, ಇಷ್ಟು ಸೇರಲು ನೀವು 9,20,000 ರೂಪಾಯಿ ಉಜ್ಜಿದ್ದೀರಿ. ಒಂದು ಪಾಯಿಂಟಿಗೆ 25 ಪೈಸೆ ಸಿಕ್ಕಿದರೆ ಒಟ್ಟು 4,600 ರೂಪಾಯಿ. ಅಂದರೆ ನೂರಕ್ಕೆ ಐವತ್ತು ಪೈಸೆ. ಸಾಮಾನ್ಯ ಕಾರ್ಡುಗಳಲ್ಲಿ ಬರುವುದು ಹೆಚ್ಚುಕಡಿಮೆ ಇಷ್ಟೇ. ನೀವು ಆ ಒಂಬತ್ತು ಲಕ್ಷವನ್ನು ಹೇಗೂ ಮನೆಗೆ ಹಾಕಲೇಬೇಕಿತ್ತು, ಅದಕ್ಕೇ ಆ 4,600 ನಿಜವಾದ ಲಾಭ. ಅದರಲ್ಲಿ ಅನುಮಾನ ಬೇಡ. ಆದರೆ ಆರು ಜನರ ದುಬೈ ಟಿಕೆಟಿನ ಎದುರು ಅದು ಎಷ್ಟು? ಒಬ್ಬರಿಗೆ ಹೋಗಿ ಬರಲು 24,000 ಎಂದು ಹಿಡಿದರೂ ಆರು ಜನಕ್ಕೆ 1,44,000. ನಿಮ್ಮ ಪಾಯಿಂಟು ಒಬ್ಬರ ಟಿಕೆಟಿನ ಐದನೇ ಒಂದು ಪಾಲೂ ಅಲ್ಲ.

ಹಾಗಾದರೆ ಭಾವ ಹೇಗೆ ಹೋಗುತ್ತಾರೆ? ಇಂಥವರನ್ನು ನಾನು ತುಂಬಾ ಜನ ನೋಡಿದ್ದೇನೆ. ಸಾಮಾನ್ಯವಾಗಿ ಅವರ ಆಫೀಸಿನ ಪ್ರಯಾಣ, ಹೋಟೆಲು ಎಲ್ಲ ಅವರದೇ ಕಾರ್ಡಿನಲ್ಲಿ ನಡೆಯುತ್ತದೆ. ಹಣ ಕಂಪನಿ ಕೊಡುತ್ತದೆ, ಪಾಯಿಂಟು ಇವರಿಗೆ ಬೀಳುತ್ತದೆ. ಜೊತೆಗೆ ವಿಮಾನದಲ್ಲಿ ಪದೇಪದೇ ಕೂತದ್ದಕ್ಕೆ ಏರ್‌ಲೈನ್ ಕೊಡುವ ಪಾಯಿಂಟ್, ಅಂದರೆ ಮೈಲ್ಸ್, ಬೇರೆ. ಅವರಿರುವುದು ದೊಡ್ಡ ಏರ್‌ಪೋರ್ಟಿನ ಊರು. ಹೋಗುವುದು ಒಬ್ಬರೋ ಇಬ್ಬರೋ, ರಜೆಯಿಲ್ಲದ ದಿನಗಳಲ್ಲಿ. ಇದರಲ್ಲಿ ಒಂದೂ ನಿಮಗೆ ಹೊಂದುವುದಿಲ್ಲ ಅಲ್ವಾ? ಅವರ ಲೆಕ್ಕ ಅವರಿಗೆ ಸರಿ. ಅದನ್ನು ಬದಿಯಡ್ಕಕ್ಕೆ ತಂದು ನೆಟ್ಟರೆ ಫಲ ಬರುವುದಿಲ್ಲ, ಅಷ್ಟೇ.

ಏರ್‌ಪೋರ್ಟಿನ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಾಸರಗೋಡಿನಿಂದ ಮಂಗಳೂರಿನ ವಿಮಾನ ನಿಲ್ದಾಣ ಇರುವ ಬಜ್ಪೆಗೆ ಸುಮಾರು 60 ಕಿ.ಮೀ. ಕಣ್ಣೂರಿನ ವಿಮಾನ ನಿಲ್ದಾಣ ಇರುವುದು ಮಟ್ಟನ್ನೂರಿನಲ್ಲಿ, ದೂರ ಹೆಚ್ಚುಕಡಿಮೆ ಎರಡು ಪಟ್ಟು. ಬಜ್ಪೆಯಿಂದ ದುಬೈಗೆ ನೇರ ವಿಮಾನ ಇದೆ, ಅದರಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ಸಿನದೇ ದೊಡ್ಡ ಪಾಲು. ಪಾಯಿಂಟು ಕೂಡಿಸುವವರು ಹೊಗಳುವ ಎಮಿರೇಟ್ಸ್ ಮಂಗಳೂರಿಗೆ ಬರುವುದೇ ಇಲ್ಲ. ಅದರ ಮೈಲ್ಸ್ ಬಳಸಬೇಕಾದರೆ ನೀವು ಬೆಂಗಳೂರಿಗೋ ಕೊಚ್ಚಿಗೋ ಹೋಗಬೇಕು. ಆರು ಜನಕ್ಕೆ ಒಂದು ರಾತ್ರಿಯ ಬಸ್ಸು ಅಥವಾ ರೈಲು, ಅಲ್ಲಿಂದ ಟ್ಯಾಕ್ಸಿ, ಬರುವಾಗ ಮತ್ತೆ ಅಷ್ಟೇ. ಮಾವನಿಗೆ ಆ ಓಡಾಟವೇ ಸಾಕಾಗಿಬಿಡುತ್ತದೆ. ಇಷ್ಟಾದರೂ ಮೈಲ್ಸಿನ ಟಿಕೆಟಿಗೆ ತೆರಿಗೆ, ಇತರ ಶುಲ್ಕಗಳನ್ನು ಕೈಯಿಂದ ಕಟ್ಟಲೇಬೇಕು. ಬಿಟ್ಟಿ ಟಿಕೆಟೆಂದರೆ ಪೂರ್ತಿ ಬಿಟ್ಟಿ ಎಂದು ತಿಳಿದವರೇ ಜಾಸ್ತಿ. ರಜೆಯ ಸಮಯದಲ್ಲಿ ಮೈಲ್ಸಿಗೆಂದು ಬಿಡುವ ಸೀಟುಗಳೂ ಕಡಿಮೆ. ಒಂದೇ ವಿಮಾನದಲ್ಲಿ ಅಂಥ ಆರು ಸೀಟು ಸಿಕ್ಕಿದ್ದನ್ನು ಡಿಸೆಂಬರಿನಲ್ಲಿ ನಾನಂತೂ ನೋಡಿಲ್ಲ.

ಇನ್ನೊಂದು ತಪ್ಪು ನಡೆಯುವುದು ಇಲ್ಲೇ. ಕಾರ್ಡಿನ ಪಾಯಿಂಟನ್ನು ಏರ್‌ಲೈನಿನ ಮೈಲ್ಸ್ ಆಗಿ ಬದಲಿಸಿದರೆ ಅದು ಹಿಂದೆ ಬರುವುದಿಲ್ಲ. ಸೀಟು ಇದೆಯೇ ಎಂದು ನೋಡುವ ಮೊದಲೇ ಬದಲಿಸಿ ಕೂತವರು ನಮ್ಮಲ್ಲಿಗೆ ಬರುತ್ತಾರೆ. ಕೆಲವು ಮೈಲ್ಸಿಗೆ ಅವಧಿಯೂ ಇದೆ. ಎಮಿರೇಟ್ಸಿನದು ಮೂರು ವರ್ಷ. ಯೋಜನೆಗಳೂ ಶಾಶ್ವತವಲ್ಲ. ಜೆಟ್ ಏರ್‌ವೇಸ್ 2019ರ ಏಪ್ರಿಲಿನಲ್ಲಿ ಹಾರಾಟ ನಿಲ್ಲಿಸಿದಾಗ, ಅದರಲ್ಲೇ ಹೋಗುತ್ತೇವೆಂದು ವರ್ಷಗಟ್ಟಲೆ ಪಾಯಿಂಟು ಕೂಡಿಸಿದವರಿಗೆ ಹಾರಲು ಆ ವಿಮಾನವೇ ಇರಲಿಲ್ಲ. 2024ರ ನವೆಂಬರಿನಲ್ಲಿ ವಿಸ್ತಾರಾ ಏರ್ ಇಂಡಿಯಾದೊಳಗೆ ಸೇರಿತು, ಪಾಯಿಂಟುಗಳು ಹೊಸ ಲೆಕ್ಕಕ್ಕೆ ಹೋದವು. ಪಾಯಿಂಟನ್ನು ಹಳೆ ಅಡಿಕೆಯ ಹಾಗೆ ಅಟ್ಟದಲ್ಲಿ ಇಟ್ಟು ರೇಟಿಗೆ ಕಾಯಬಾರದು. ಹಳೆ ಅಡಿಕೆಗೆ ಬೆಲೆ ಏರುತ್ತದೆ, ಹಳೆ ಪಾಯಿಂಟಿಗೆ ಇಳಿಯುತ್ತದೆ.

ಅಡಿಕೆಯ ಮಾತು ಬಂದದ್ದು ಒಳ್ಳೆಯದಾಯಿತು. ಮಾವನ ಭಯದ ಬೇರು ಇರುವುದು ಅಲ್ಲೇ, ನಿಮ್ಮ ಪತ್ರ ಓದುವಾಗ ನನ್ನ ಮನಸ್ಸು ನಿಂತದ್ದೂ ಅಲ್ಲೇ. ಕಾರ್ಡನ್ನು ಮಾಡಿರುವುದು ತಿಂಗಳ ಸಂಬಳದವರಿಗಾಗಿ. ಪ್ರತಿ ತಿಂಗಳು ಬಿಲ್ಲು, ಪ್ರತಿ ತಿಂಗಳು ಸಂಬಳ, ಎರಡೂ ಕೂಡಿಬರುತ್ತವೆ. ತೋಟದ ಹಣ ಹಾಗೆ ಬರುವುದಿಲ್ಲ. ಕೊಯ್ದ ಅಡಿಕೆ ಅಂಗಳದಲ್ಲಿ ನಲವತ್ತು, ನಲವತ್ತೈದು ದಿನ ಒಣಗಬೇಕು. ಸುಲಿಸಬೇಕು. ಆಮೇಲೆ ರೇಟು ನೋಡಿ ಕೊಡಬೇಕು. ಹೊಸತನ್ನು ಕೊಡುವುದಾ, ಹಳತು ಮಾಡಿ ಕೊಡುವುದಾ ಎಂದು ಮನೆಯಲ್ಲಿ ಕೂತು ಮಾತಾಡಬೇಕು. ಆ ನಿಧಾನವೇ ಕೃಷಿಕರ ಬಲ. ಬಿಲ್ಲು ಕಟ್ಟುವ ಕೊನೆಯ ದಿನಕ್ಕೆ, ಅಂದರೆ ಕಾರ್ಡಿನ ಡ್ಯೂ ಡೇಟಿಗೆ ಅದೊಂದೂ ಗೊತ್ತಿಲ್ಲ.

ನನಗೆ ಗೊತ್ತಿರುವ ಒಂದು ಮನೆಯಲ್ಲಿ ಹೀಗಾಯಿತು. ಒಂದು ಲಕ್ಷ ಹೆಚ್ಚು ಖರ್ಚು ಮಾಡಿದರೆ ಪ್ರಯಾಣದ ವೋಚರ್ ಸಿಗುತ್ತದೆ ಎಂದು ಹೊಸ ಟಿವಿ, ಫ್ರಿಜ್ಜು ಎಲ್ಲ ಕಾರ್ಡಿನಲ್ಲಿ ತೆಗೆದರು. ಬಿಲ್ಲು ಬಂತು. ಕೈಯಲ್ಲಿ ಹಣ ಇರಲಿಲ್ಲ, ಆದರೆ ಒಳಗೆ ಚೀಲಗಟ್ಟಲೆ ಅಡಿಕೆ ಇತ್ತು. ಇನ್ನೂ ಮೂರು ತಿಂಗಳು ಇಡಬೇಕೆಂದಿದ್ದ ಅಡಿಕೆಯನ್ನು ಆ ವಾರವೇ ಕೊಟ್ಟರು. ಆ ಮನೆಯ ಅಜ್ಜ ಜಗಲಿಯಲ್ಲಿ ಕೂತು ಚೀಲಗಳು ಪಿಕಪ್ಪಿಗೆ ಏರುವುದನ್ನು ನೋಡುತ್ತಿದ್ದರು. ಒಂದು ಮಾತೂ ಆಡಲಿಲ್ಲ. ಮಳೆಗಾಲ ಕಳೆದ ಮೇಲೆ ರೇಟು ಏರಿತು. ಅವರು ಕಳೆದುಕೊಂಡದ್ದರ ಎದುರು ಆ ವೋಚರು ಏನೂ ಅಲ್ಲ. ಯಾವ ಸ್ಟೇಟ್‌ಮೆಂಟಿನಲ್ಲೂ ಈ ನಷ್ಟ ಅಚ್ಚಾಗುವುದಿಲ್ಲ. ಅದಕ್ಕೇ ಬೆಂಗಳೂರಿನವರ ಲೆಕ್ಕದಲ್ಲಿ ಇದು ಬರುವುದೂ ಇಲ್ಲ.

ಕೊಡದೆ ಬಿಟ್ಟರೆ ಏನಾಗುತ್ತದೆ? ಅದನ್ನೂ ನೋಡಿ. ಬಿಲ್ಲು 60,000, ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆ. ಕಾರ್ಡುಗಳಲ್ಲಿ ಇದು ಸಾಮಾನ್ಯ ದರ. ಒಂದು ತಿಂಗಳಿಗೆ 2,100, ಅದರ ಮೇಲೆ 18 ಶೇಕಡ ಜಿಎಸ್‌ಟಿ 378. ಒಟ್ಟು 2,478. ನೀವು ಕೂಡಿಸಿದ ಪಾಯಿಂಟಿನ ಅರ್ಧಕ್ಕಿಂತ ಜಾಸ್ತಿ ಒಂದೇ ತಿಂಗಳಲ್ಲಿ ಹೋಯಿತು. "ಮಿನಿಮಮ್ ಡ್ಯೂ ಕಟ್ಟಿದ್ದೇನಲ್ಲಾ, ಬಡ್ಡಿ ಯಾಕೆ?" ಎಂದು ಕೇಳದ ಗಿರಾಕಿಯೇ ಬ್ಯಾಂಕಿನಲ್ಲಿ ಇರಲಿಲ್ಲ. ಮಿನಿಮಮ್ ಡ್ಯೂ ಅಂದರೆ ಆ ತಿಂಗಳು ಕಟ್ಟಲೇಬೇಕಾದ ಕನಿಷ್ಠ ಮೊತ್ತ. ಅದನ್ನು ಕಟ್ಟಿದರೆ ತಡ ಪಾವತಿಯ ದಂಡ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ಬಡ್ಡಿ ಶುರುವಾಗುವುದು ಡ್ಯೂ ಡೇಟಿನಿಂದಲೂ ಅಲ್ಲ, ನೀವು ಕಾರ್ಡ್ ಉಜ್ಜಿದ ದಿನದಿಂದ. ಬಾಕಿ ಇರುವವರೆಗೆ ಹೊಸದಾಗಿ ತೆಗೆದ ಸಾಮಾನಿಗೂ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ.

ಮಾವನಿಗೆ ಇದನ್ನು ಹೀಗೇ ಹೇಳಿ: ಪೂರ್ತಿ ಬಿಲ್ಲು ಕಟ್ಟುವವರಿಗೆ ಕಾರ್ಡು ಸಾಲವಲ್ಲ, ಕಟ್ಟದವರಿಗೆ ಅದು ತುಂಬಾ ದುಬಾರಿ ಸಾಲ. ನಿಮಗೆ ತಿಂಗಳ ಸಂಬಳ ಇದೆ, ಆದ್ದರಿಂದ ಕಾರ್ಡಿನ ಖರ್ಚು ನಿಮ್ಮ ಸಂಬಳದ ಅಳತೆಯಲ್ಲಿರಲಿ, ತೋಟದ ಅಳತೆಯಲ್ಲಿ ಬೇಡ. ಬಿಲ್ಲಿನ ದಿನ ನಿಮಗೆ ಅನುಕೂಲ ಇಲ್ಲದಿದ್ದರೆ ಬದಲಿಸಿಕೊಳ್ಳಿ. ಒಮ್ಮೆಯಾದರೂ ಬದಲಿಸುವ ಅವಕಾಶ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಡ್ಯೂ ಡೇಟು ತಿಂಗಳ ಎಂಟು-ಹತ್ತನೇ ತಾರೀಕಿಗೆ ಬಂದರೆ ಸಂಬಳ ಬಿದ್ದ ಕೂಡಲೇ ಕಟ್ಟಿ ನಿಶ್ಚಿಂತೆಯಿಂದ ಇರಬಹುದು.

ಹೊಸ ಕಾರ್ಡು ಬೇಕೇ? ಎರಡು ಬೇಡವೇ ಬೇಡ. ಒಂದರ ಬಗ್ಗೆ ಯೋಚಿಸಬಹುದು, ಅದೂ ಲೆಕ್ಕ ಹಾಕಿ. ಕೆಲವು ಪ್ರಯಾಣದ ಕಾರ್ಡುಗಳು ಮೊದಲ ಎರಡು-ಮೂರು ತಿಂಗಳಲ್ಲಿ ಇಂತಿಷ್ಟು ಖರ್ಚು ಮಾಡಿದರೆ ದೊಡ್ಡ ಮೊತ್ತದ ಪಾಯಿಂಟ್ ಕೊಡುತ್ತವೆ. ನಿಮ್ಮ ಆರು ಟಿಕೆಟಿನ ಹಣ ಹೇಗೂ ಹೋಗುವುದೇ. ಅದು ಆ ಅವಧಿಯೊಳಗೆ ಬಿದ್ದರೆ, ಬೇರೇನೂ ಕೊಳ್ಳದೆ ಆ ಪಾಯಿಂಟು ಬರುತ್ತದೆ. ಪಾಯಿಂಟಿನ ವಿದ್ಯೆಯಲ್ಲಿ ನಿಜವಾಗಿ ಫಲ ಕೊಡುವ ಜಾಗ ಇದೊಂದೇ ಎಂದು ನನ್ನ ಅಭಿಪ್ರಾಯ. ಆದರೆ ವಾರ್ಷಿಕ ಶುಲ್ಕ 3,000 ಎಂದರೆ ಜಿಎಸ್‌ಟಿ ಸೇರಿ 3,540. ಕೊಡುವ ಪಾಯಿಂಟಿನ ಬೆಲೆ ಅದಕ್ಕಿಂತ ಚೆನ್ನಾಗಿ ಮೇಲಿರಬೇಕು. ಟಿಕೆಟಿನ ಹಣ ಮೊದಲೇ ಖಾತೆಯಲ್ಲಿ ಕೂಡಿರಬೇಕು. ಅಡಿಕೆ ಕೊಟ್ಟಮೇಲೆ ಕಟ್ಟುವ ಎಂದು ಹೊರಡಬಾರದು.

ಯಜಮಾನರ ಹೆಸರಿನಲ್ಲಿ ಕಾರ್ಡು ಮಾಡಲು ಹೋದರೆ ಸಂಬಳದ ಚೀಟಿ ಕೇಳುತ್ತಾರೆ. 671ರಿಂದ ಶುರುವಾಗುವ ನಮ್ಮ ಕೆಲವು ಪಿನ್‌ಕೋಡುಗಳಿಗೆ ಕಾರ್ಡು ಕೊಡುವುದಿಲ್ಲ ಎನ್ನುವವರೂ ಇದ್ದಾರೆ. ಎಫ್‌ಡಿ ಇಟ್ಟು ಅದರ ಆಧಾರದಲ್ಲಿ ಕಾರ್ಡು ತೆಗೆದುಕೊಳ್ಳುವ ದಾರಿ ಇದೆ, ಕೃಷಿಕರಿಗೆ ಅದು ಹೊಂದುತ್ತದೆ. ಬಿಲ್ಲು ಕಟ್ಟದಿದ್ದರೆ ಬ್ಯಾಂಕು ಎಫ್‌ಡಿಗೆ ಕೈ ಹಾಕುತ್ತದೆ, ಅದು ತಿಳಿದಿರಲಿ. ಇನ್ನೂ ಸುಲಭ ಅಂದರೆ ನಿಮ್ಮ ಕಾರ್ಡಿಗೇ ಸೇರಿದ ಹಾಗೆ ಅವರಿಗೊಂದು ಹೆಚ್ಚುವರಿ (ಆಡ್-ಆನ್) ಕಾರ್ಡು. ಪಾಯಿಂಟು ಒಂದೇ ಕಡೆ ಸೇರುತ್ತದೆ, ಆದರೆ ಅವರು ಉಜ್ಜಿದ್ದಕ್ಕೂ ಹೊಣೆ ನೀವೇ. ಸದ್ಯದಲ್ಲಿ ದೊಡ್ಡ ಸಾಲಕ್ಕೆ ಅರ್ಜಿ ಹಾಕುವುದಿದ್ದರೆ ಹೊಸ ಕಾರ್ಡಿನ ಅರ್ಜಿಯನ್ನು ಮುಂದಕ್ಕೆ ಹಾಕಿ. ಪ್ರತಿಯೊಂದು ಅರ್ಜಿಯೂ ಕ್ರೆಡಿಟ್ ವರದಿಯಲ್ಲಿ ದಾಖಲಾಗುತ್ತದೆ. ಮುಂದೆ ಯಾವತ್ತಾದರೂ ಕಾರ್ಡು ಮುಚ್ಚುವುದಾದರೆ ಮೊದಲು ಪಾಯಿಂಟು ಬಳಸಿಕೊಳ್ಳಿ. ಬಾಕಿಯಿಲ್ಲದ ಕಾರ್ಡನ್ನು ಮುಚ್ಚಲು ಕೇಳಿದ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿಯಂತೆ ಬ್ಯಾಂಕೇ ನಿಮಗೆ ಕೊಡಬೇಕು.

ಈಗ ಪಾಸ್‌ಪೋರ್ಟು. ನಿಮ್ಮ ಪತ್ರದಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ನನಗೆ ನಿಜವಾದ ಚಿಂತೆ ಇದೇ. ಯಾಕೆಂದರೆ ಇಲ್ಲಿ ತಪ್ಪಿದರೆ ಪಾಯಿಂಟೂ ಹೋಯಿತು, ಟಿಕೆಟೂ ಹೋಯಿತು.

ಅತ್ತೆಯ ಪಾಸ್‌ಪೋರ್ಟ್ ತೆಗೆದು ಮೊದಲ ಪುಟ ನೋಡಿ. ನಮ್ಮ ಕಡೆಯ ಹಿರಿಯ ಹೆಂಗಸರ ಪಾಸ್‌ಪೋರ್ಟಿನಲ್ಲಿ ಹೆಚ್ಚಾಗಿ ಒಂದೇ ಹೆಸರು ಇರುತ್ತದೆ. ಲಕ್ಷ್ಮಿ ಅಂದರೆ ಬರೀ ಲಕ್ಷ್ಮಿ. ಸರ್‌ನೇಮ್ ಎಂಬ ಜಾಗ ಖಾಲಿ. ಊರಲ್ಲಿ ಇದರಿಂದ ಯಾವ ತೊಂದರೆಯೂ ಇಲ್ಲ. ಆದರೆ 2022ರ ನವೆಂಬರಿನಲ್ಲಿ ದುಬೈ ಇರುವ ದೇಶವಾದ ಯುಎಇ ಒಂದು ನಿಯಮ ತಂದಿತು: ಒಂದೇ ಹೆಸರಿನ ಪಾಸ್‌ಪೋರ್ಟಿನಲ್ಲಿ ವಿಸಿಟ್ ವೀಸಾದವರಿಗೆ ಪ್ರವೇಶ ಇಲ್ಲ. ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಹೆಸರೋ ಕುಟುಂಬದ ಹೆಸರೋ ಇದ್ದರೆ ಬಿಡುತ್ತೇವೆ ಎಂದು ಆಮೇಲೆ ಸಡಿಲಿಸಿದರು. ಹಾಗಾಗಿ ಎರಡನೇ ಪುಟವನ್ನೂ ನೋಡಿ. ಅಲ್ಲೂ ಸರಿ ಇಲ್ಲದಿದ್ದರೆ ಹೆಸರನ್ನು ಎರಡು ಭಾಗ ಮಾಡಿ ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕಬೇಕು. ಇದನ್ನು ಈಗಲೇ ಮಾಡಿ, ಮಳೆ ಬಿಡಲಿ ಎಂದು ಕಾಯಬೇಡಿ.

ಮಾವನದು ಇನ್ನೊಂದು ತರ. ಆಧಾರಿನಲ್ಲಿ ಇನಿಷಿಯಲ್ ಮುಂದೆ, ಪಾಸ್‌ಪೋರ್ಟಿನಲ್ಲಿ ಅದನ್ನೇ ಬಿಡಿಸಿ ಕೊನೆಗೆ ಬರೆದಿರುತ್ತಾರೆ. ಒಂದರಲ್ಲಿ ಭಟ್, ಇನ್ನೊಂದರಲ್ಲಿ ಭಟ್ಟ. ಟಿಕೆಟ್ ಮಾಡುವಾಗ ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ, ಒಂದಕ್ಷರ ಬಿಡದೆ. ಏರ್‌ಲೈನಿನ ಸದಸ್ಯತ್ವ ಮಾಡುವುದಿದ್ದರೂ ಅದೇ ಹೆಸರು ಹಾಕಿ. ಹೆಸರು ಬೇರೆಯಾದರೆ ಮೈಲ್ಸ್ ಬೀಳುವುದಿಲ್ಲ, ಆಮೇಲೆ ಬೆನ್ನು ಹತ್ತಿ ಕೇಳಬೇಕಾಗುತ್ತದೆ. ಅದಕ್ಕೇ ಊರು ಸೇರಿ ಪಾಯಿಂಟು ಬಿದ್ದದ್ದು ಕಾಣುವವರೆಗೆ ಬೋರ್ಡಿಂಗ್ ಪಾಸನ್ನು ಎಸೆಯಬೇಡಿ.

ಮಕ್ಕಳ ಪಾಸ್‌ಪೋರ್ಟಿಗೆ ಐದೇ ವರ್ಷ. ದೊಡ್ಡವರದು ಹತ್ತು ವರ್ಷ ಇರುವುದರಿಂದ ಮಕ್ಕಳದ್ದೂ ಹಾಗೇ ಎಂಬ ನೆನಪಿನಲ್ಲಿ ಇರುತ್ತೇವೆ. ದುಬೈಯಲ್ಲಿ ಇಳಿಯುವ ದಿನಕ್ಕೆ ಎಲ್ಲರದ್ದೂ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಡಿಸೆಂಬರ್ ಪ್ರಯಾಣಕ್ಕೆ ಮುಂದಿನ ಜೂನಿನ ಕೊನೆಯವರೆಗೆ ಅವಧಿ ಇದೆಯಾ ಎಂದು ಇವತ್ತು ರಾತ್ರಿಯೇ ಆರೂ ಪುಸ್ತಕ ತೆರೆದು ನೋಡಿ. ಪಾಸ್‌ಪೋರ್ಟಿಗೆ ಹಿಂದಿನ ಹಾಗೆ ಕೋಝಿಕ್ಕೋಡಿಗೆ ಓಡಬೇಕಿಲ್ಲ, ಕಾಸರಗೋಡಿನ ಹೆಡ್ ಪೋಸ್ಟಾಫೀಸಿನಲ್ಲೇ ಸೇವಾ ಕೇಂದ್ರ ಇದೆ.

ದಿನದ ಆಯ್ಕೆಯಲ್ಲಿ ನಿಮ್ಮ ಪಾಯಿಂಟಿಗಿಂತ ಹೆಚ್ಚು ಹಣ ಉಳಿಯುತ್ತದೆ. ಗಲ್ಫಿನ ಟಿಕೆಟಿಗೆ ಒಂದು ಏರಿಳಿತ ಇದೆ. ಡಿಸೆಂಬರಿನ ಮಧ್ಯದಲ್ಲಿ ಅಲ್ಲಿನ ಶಾಲೆಗಳಿಗೆ ರಜೆ ಸಿಕ್ಕಿ ನಮ್ಮವರು ಊರಿಗೆ ಬರುತ್ತಾರೆ, ಜನವರಿ ಮೊದಲಿಗೆ ಹಿಂದೆ ಹೋಗುತ್ತಾರೆ. ನೀವು ಹೋಗುವುದು ಅದಕ್ಕೆ ಎದುರು ದಿಕ್ಕಿನಲ್ಲಿ, ಅದು ಅನುಕೂಲವೇ. ಆದರೆ ಹೊಸ ವರ್ಷ ನೋಡಲು ಹೋಗುವ ಪ್ರವಾಸಿಗಳೂ ಇರುತ್ತಾರೆ. ರಜೆ ಸಿಕ್ಕಿದ ಸಂಜೆಯೇ ಹೊರಡುವುದು, ಎರಡು ದಿನ ಬಿಟ್ಟು ಹೊರಡುವುದು, ಈ ಎರಡರ ದರವನ್ನೂ ನೋಡಿ. ಒಬ್ಬರಿಗೆ 2,000 ಇಳಿದರೆ ಆರು ಜನಕ್ಕೆ 12,000. ನಿಮ್ಮ ಪಾಯಿಂಟಿನ ಎರಡೂವರೆ ಪಟ್ಟು. ಏಪ್ರಿಲ್ ರಜೆಯಲ್ಲಿ ಹೋಗಬಹುದಾ ಎಂದು ಕೇಳುವವರಿದ್ದಾರೆ. ಆಗ ಅಂಗಳದಲ್ಲಿ ಅಡಿಕೆ, ತೋಟಕ್ಕೆ ದಿನಾ ನೀರು, ಬೇಸಗೆ ಮಳೆಯ ಹೆದರಿಕೆ. ಮನೆಯವರೆಲ್ಲ ಒಟ್ಟಿಗೆ ಹೊರಡುವುದಾದರೆ ನೀವು ಆರಿಸಿದ ಡಿಸೆಂಬರೇ ಸರಿ.

ಟಿಕೆಟ್ ದರ ನೋಡುವಾಗ ಲಗೇಜು ಸೇರಿದೆಯಾ ನೋಡಿ. ಬರೀ ಕೈಚೀಲದ ದರ ಕಡಿಮೆ ಕಾಣುತ್ತದೆ. ಹಲಸಿನ ಹಪ್ಪಳ, ಉಪ್ಪಿನಕಾಯಿ, ಕೆಂಪಕ್ಕಿ ತುಂಬಿದ ಮೇಲೆ ಕೌಂಟರಿನಲ್ಲಿ ಕಿಲೋ ಲೆಕ್ಕದಲ್ಲಿ ಕಟ್ಟುವಾಗ ಕಣ್ಣೀರು ಬರುತ್ತದೆ. ಅತ್ತೆ ಮಗನಿಗೆಂದು ಕಟ್ಟುವ ಗಂಟನ್ನು ಒಮ್ಮೆ ಬಿಚ್ಚಿ ನೋಡಿ, ಬೇಸರ ಮಾಡಿಕೊಳ್ಳಬೇಡಿ ಎಂದು ಹೇಳಿ. ಗಸಗಸೆ ಯುಎಇಯಲ್ಲಿ ಮಾದಕ ವಸ್ತುವಿನ ಲೆಕ್ಕ. ಒಂದು ಚಿಕ್ಕ ಪೊಟ್ಟಣವೂ ಬೇಡ. ವೀಳ್ಯದೆಲೆಗೂ ಅಲ್ಲಿ ನಿಷೇಧ. ಮಾವನ ಎಲೆಯಡಿಕೆ ಚೀಲ ಜಗಲಿಯಲ್ಲೇ ಉಳಿಯಬೇಕು, ಇದು ಅವರಿಗೆ ಎಷ್ಟು ಕಷ್ಟ ಎಂದು ನನಗೆ ಗೊತ್ತು. ಒಣ ಕೊಬ್ಬರಿ ಬೆಂಕಿ ಹಿಡಿಯುವ ವಸ್ತುವೆಂದು ವಿಮಾನಕ್ಕೇ ಬಿಡುವುದಿಲ್ಲ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ. ಬಿಪಿ, ಶುಗರಿನ ಮದ್ದಿಗೆ ಡಾಕ್ಟರ ಚೀಟಿ ಜೊತೆಗಿರಲಿ. ಟ್ರಮಡಾಲ್, ಕೊಡೀನ್ ಇರುವ ನೋವಿನ, ಕೆಮ್ಮಿನ ಮದ್ದುಗಳಿಗೆ ಅಲ್ಲಿ ಮುಂಚಿತ ಅನುಮತಿ ಬೇಕು.

ಕಾರ್ಡಿನ ಜೊತೆ ಇನ್ಶೂರೆನ್ಸ್ ಬಿಟ್ಟಿ ಎಂದು ನಂಬಿ ಕೂರಬೇಡಿ. ಅದು ಹೆಚ್ಚಾಗಿ ವಿಮಾನ ಅಪಘಾತಕ್ಕೆ, ಅದೂ ಕಾರ್ಡಿನವರಿಗೆ ಮಾತ್ರ. ಮಾವನಿಗೆ ಅಲ್ಲಿ ಎದೆನೋವು ಬಂದರೆ ಆಸ್ಪತ್ರೆ ಖರ್ಚಿಗೆ ಅದು ಬರುವುದಿಲ್ಲ. ಹಿರಿಯರಿಬ್ಬರಿಗೆ ಬೇರೆಯೇ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿ. ಇರುವ ಕಾಯಿಲೆಯನ್ನು ಮುಚ್ಚಿಡದೆ ಬರೆಯಿರಿ. ಏರ್‌ಪೋರ್ಟಿನಲ್ಲಿ ಕೂತು ತಿಂದು ವಿಶ್ರಾಂತಿ ಪಡೆಯುವ ಲೌಂಜಿನ ವಿಷಯವೂ ಹೀಗೇ. ಕಾರ್ಡು ಇದ್ದವರಿಗೆ ಒಳಗೆ ಬಿಡುತ್ತಾರೆ, ಆರೂ ಜನಕ್ಕಲ್ಲ. ಹಿಂದಿನ ಮೂರು ತಿಂಗಳಲ್ಲಿ ಇಂತಿಷ್ಟು ಖರ್ಚು ಮಾಡಿರಬೇಕೆಂಬ ಷರತ್ತು ಈಗ ಹಲವು ಕಾರ್ಡುಗಳಲ್ಲಿದೆ. ದೇಶದೊಳಗಿನ ಲೌಂಜಿಗೆ ಕೊಟ್ಟ ಸೌಲಭ್ಯ ವಿದೇಶ ವಿಮಾನದ ಲೌಂಜಿಗೆ ನಡೆಯದಿರಬಹುದು. ಮನೆಯಿಂದ ಚಪಾತಿ ಕಟ್ಟಿಕೊಂಡು ಹೋದರೆ ಆರು ಜನ ಒಟ್ಟಿಗೆ ಕೂತು ತಿನ್ನಬಹುದು.

ದುಬೈಯಲ್ಲಿ ಕಾರ್ಡು ಉಜ್ಜಿದರೆ ಪಾಯಿಂಟು ಬರುತ್ತದೆ, ನಿಜ. ಆದರೆ ವಿದೇಶಿ ಹಣದಲ್ಲಿ ಉಜ್ಜಿದ್ದಕ್ಕೆ ಸಾಮಾನ್ಯ ಕಾರ್ಡುಗಳು ಮೂರೂವರೆ ಶೇಕಡದವರೆಗೆ ಹೆಚ್ಚುವರಿ ಹಾಕುತ್ತವೆ, ಅದಕ್ಕೆ ಜಿಎಸ್‌ಟಿ ಬೇರೆ. 40,000 ಖರ್ಚಿಗೆ 1,652 ರೂಪಾಯಿ ಹೋಗುತ್ತದೆ, ಪಾಯಿಂಟಿನಲ್ಲಿ 200 ಬರುತ್ತದೆ. ಹೆಚ್ಚುವರಿ ಹಾಕದ ಕಾರ್ಡು ಅಥವಾ ಮೊದಲೇ ದಿರ್ಹಮ್ ತುಂಬಿಸಿದ ಫಾರೆಕ್ಸ್ ಕಾರ್ಡು ಇದಕ್ಕಿಂತ ಒಳ್ಳೆಯದು. ಅಂಗಡಿಯ ಮೆಷಿನು "ರೂಪಾಯಿಯಲ್ಲಾ, ದಿರ್ಹಮಿನಲ್ಲಾ" ಎಂದು ಕೇಳುತ್ತದೆ. ರೂಪಾಯಿ ನೋಡಿದ ಕೂಡಲೇ ಕೈ ಆ ಬಟನ್ನಿಗೇ ಹೋಗುತ್ತದೆ. ದಿರ್ಹಮ್ ಒತ್ತಿ. ರೂಪಾಯಿ ಒತ್ತಿದರೆ ಅವರ ದರ ನಿಮ್ಮ ತಲೆಗೆ. ಹೊರಡುವ ಮೊದಲು ಬ್ಯಾಂಕಿನ ಆ್ಯಪಿನಲ್ಲಿ ವಿದೇಶ ಬಳಕೆಯನ್ನು ಆನ್ ಮಾಡಿ ಮಿತಿ ಹಾಕಿ, ಬಂದ ಮೇಲೆ ಆಫ್ ಮಾಡಿ. ಒಟಿಪಿ ಬರುವ ಸಿಮ್ಮಿಗೆ ರೋಮಿಂಗ್ ಇರಲಿ.

ಮೈದುನ ಅಲ್ಲಿ ನಿಮ್ಮ ಖರ್ಚು ನೋಡಿಕೊಂಡರೆ ಯಾವ ತೊಂದರೆಯೂ ಇಲ್ಲ. ಆದರೆ "ಇಲ್ಲಿ ನನಗೆ ರೂಪಾಯಿ ಕೊಡಿ, ಅಲ್ಲಿ ನಮ್ಮವರು ದಿರ್ಹಮ್ ಕೊಡುತ್ತಾರೆ" ಎನ್ನುವ ಮಧ್ಯವರ್ತಿಗಳು ನಮ್ಮ ಜಿಲ್ಲೆಯಲ್ಲಿ ಸಿಗುತ್ತಾರೆ. ಅದು ಕಾನೂನಿಗೆ ವಿರುದ್ಧ, ಎಷ್ಟೇ ಪರಿಚಯದವರಾದರೂ ಬೇಡ. ಚಿನ್ನದ ಆಸೆಯೂ ಬೇಡ. ತೆರಿಗೆಯಿಲ್ಲದೆ ಆಭರಣ ತರುವ ರಿಯಾಯಿತಿ ಇರುವುದು ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದು ಬಂದವರಿಗೆ, ವಾರದ ಪ್ರವಾಸಕ್ಕೆ ಹೋದವರಿಗಲ್ಲ. ಅತ್ತೆಯೂ ನೀವೂ ಮೈಮೇಲೆ ಹಾಕಿಕೊಂಡು ಹೋಗುವುದು ಕಡಿಮೆ ಇರಲಿ. ಹೆಚ್ಚಿದ್ದರೆ ಹೊರಡುವಾಗಲೇ ಕಸ್ಟಮ್ಸಿನಲ್ಲಿ ತೋರಿಸಿ ಚೀಟಿ ಮಾಡಿಸಿಕೊಳ್ಳಿ.

ಆ 18,400 ಪಾಯಿಂಟನ್ನು ಏನು ಮಾಡಲಿ ಎಂದು ಕೇಳಿದ್ದೀರಲ್ಲ. ನಾನಾದರೆ ಮೈಲ್ಸಿಗೆ ಬದಲಿಸುವುದಿಲ್ಲ. ಕ್ಯಾಟಲಾಗಿನ ಮಿಕ್ಸಿ, ಇಸ್ತ್ರಿ ಪೆಟ್ಟಿಗೆಯನ್ನೂ ತೆಗೆದುಕೊಳ್ಳುವುದಿಲ್ಲ. ಅವುಗಳಲ್ಲಿ ಪಾಯಿಂಟಿಗೆ ಸಿಗುವ ಬೆಲೆ ಇನ್ನೂ ಕಡಿಮೆ. ಬಿಲ್ಲಿನ ಮೊತ್ತದಲ್ಲಿ ಕಳೆಯಿಸುವುದು, ಟಿಕೆಟಿನ ವೋಚರ್, ಇವೆರಡರಲ್ಲಿ ಪಾಯಿಂಟಿಗೆ ಹೆಚ್ಚು ಪೈಸೆ ಸಿಗುವುದು ಯಾವುದೋ ಅದನ್ನು ತೆಗೆದುಕೊಳ್ಳಿ. ಬಂದ ನಾಲ್ಕೂವರೆ ಸಾವಿರದಲ್ಲಿ ಸೀಟುಗಳನ್ನು ಮೊದಲೇ ಆರಿಸಿ. ಆರಿಸದಿದ್ದರೆ ಆರು ಜನ ಆರು ಕಡೆ ಕೂರಬೇಕಾಗಬಹುದು, ಮೊದಲ ಸಲ ವಿಮಾನ ಹತ್ತುವ ಹಿರಿಯರಿಗೆ ಅದು ಬೇಡ. ಅತ್ತೆಗೆ ಕಿಟಕಿ ಬದಿ, ಪಕ್ಕದಲ್ಲಿ ಮಾವ, ಅವರ ಹಿಂದಿನ ಸಾಲಿನಲ್ಲಿ ನೀವೂ ಮಕ್ಕಳೂ. ಉಳಿದದ್ದು ಬಜ್ಪೆಗೆ ಹೋಗುವ ಗಾಡಿಯ ಬಾಡಿಗೆಗಾಯಿತು. ಗಡಿಯ ತಲಪಾಡಿ ದಾಟಿದ ಮೇಲೆ ಮಂಗಳೂರಿನ ಪಂಪ್‌ವೆಲ್, ನಂತೂರಿನಲ್ಲಿ ಗಾಡಿ ನಿಂತರೆ ಗಂಟೆ ಹೋದದ್ದು ಗೊತ್ತಾಗುವುದಿಲ್ಲ, ಮನೆಯಿಂದ ವಿಮಾನದ ಹೊತ್ತಿಗೆ ಆರು ಗಂಟೆ ಮೊದಲೇ ಹೊರಡಿ. ಅತ್ತೆಯ ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ಏನಿದೆ ಎಂದು ನೋಡಿ ನನಗೆ ಬರೆಯಿರಿ, ಟಿಕೆಟ್ ಮಾಡುವುದು ಅದರ ನಂತರ.